ತಲೆಗೆ 30 ಕಿಲೊ

ಯಾರಾದರೂ ಬಂದು "ಏನಿಲ್ಲವಾ, ಹಂಗ ಮಾತಾಡ್ಸಿ ಹೋಗೋಣಂತ ಬಂದೆ" ಅಂದರೆ ಈಗ ನನ್ನ ಕಣ್ಣು ಸೀದಾ ಅವರ ಸೆರಗಿನ ಮರೆಗೆ ಹೋಗುತ್ತದೆ. ಅಲ್ಲೊಂದು ಕ್ಯಾರಿಬ್ಯಾಗ್ ಇದ್ದೇ ಇರುತ್ತದೆ. ಚಹಾ ಕುಡಿದು, ಮಕ್ಕಳ ಸಾಲಿ ವಿಚಾರಿಸಿ, ಚಪ್ಪಲಿ ಮೆಟ್ಟುವ ಹೊತ್ತಿಗೆ ಅದು ಹೊರಗೆ ಬರುತ್ತದೆ. "ಬರೇ ಅರ್ಧಾ ಕಿಲೊ ಐತಿ ನೋಡು. ನಮ್ಮ ಹುಡುಗಗ ಮುಟ್ಟಿಸಿಬಿಡು."

ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು ಬಾಗಲಕೋಟೆ ಬಿಟ್ಟು ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟಿದ್ದೇವೆ. ವಿಮಾನದವರು ತಲೆಗೆ 30 ಕಿಲೊ ಕೊಟ್ಟಿದ್ದಾರೆ. ಒಟ್ಟು 120 ಕಿಲೊದಲ್ಲಿ ಒಂದು ಸಂಸಾರ ಹಿಡಿಸಬೇಕು. ಮಕ್ಕಳ ಬಟ್ಟೆ, ಕುಕ್ಕರ್, ಒಂದು ರೊಟ್ಟಿ ಹಂಚು, ನಮ್ಮನೆಯವರಿಗೆ ಅದಿಲ್ಲದಿದ್ದರೆ ನಿದ್ದೆಯೇ ಬಾರದ ಆ ಹಳೇ ಸೊಲ್ಲಾಪುರ ಚಾದರ. ಹೇಗೋ ಹಿಡಿಸುತ್ತಿತ್ತು. ಅಷ್ಟರಲ್ಲಿ ನಾವಿರುವ ನವನಗರದ ತುಂಬ ಸುದ್ದಿಯಾಯಿತು.

ಕಾಗದಪತ್ರದ ಕೆಲಸದಲ್ಲೇ ನಾವು ಅರ್ಧ ಸವೆದುಹೋಗಿದ್ದೆವು. ಆ ದೇಶದ ವೀಸಾದಲ್ಲಿ ವಯಸ್ಸಿಗೂ ಅಂಕ ಕೊಡುತ್ತಾರೆ. 25ರಿಂದ 32ರೊಳಗಿದ್ದರೆ 30 ಅಂಕ, 40 ತುಂಬಿದರೆ 15, 45 ತುಂಬಿತೋ ಬಾಗಿಲು ಬಂದ್. 40 ದಾಟಿದ ನಮ್ಮನೆಯವರು ತಲೆಗೆ ಬಣ್ಣ ಹಚ್ಚಿಕೊಂಡೇ ಫೋಟೊ ತೆಗೆಸಿದರು, ಅದಕ್ಕೇನೂ ಅಂಕ ಬರಲಿಲ್ಲ. ಪೊಲೀಸರ ಪ್ರಮಾಣಪತ್ರ, ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ಹೋಗಿ ಎದೆಯ ಎಕ್ಸ್-ರೇ, ಇವೆಲ್ಲ ಆದವು. ಸಿಕ್ಕಿಹಾಕಿಕೊಂಡದ್ದು ನಾನು ಹುಟ್ಟಿದ ಊರಿನ ಕಾಲಂನಲ್ಲಿ.

ನನ್ನ ಜನನ ಪತ್ರದಲ್ಲಿರುವುದು ಬಿಜಾಪುರ ಜಿಲ್ಲೆ. 1997ರಲ್ಲಿ ಬಾಗಲಕೋಟೆಯೇ ಜಿಲ್ಲೆಯಾಯಿತು. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು, ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮೂರಿನ ಬಾಲಕ್ಕೂ ಯಾವಾಗಲೋ ಒಂದು 'e' ಅಂಟಿಕೊಂಡಿತು. ಒಂದೊಂದು ದಾಖಲೆಯಲ್ಲಿ ನಾನು ಒಂದೊಂದು ಕಡೆ ಹುಟ್ಟಿದ್ದೇನೆ. ಬೆಂಗಳೂರಿನ ಏಜೆಂಟ್ ಹುಡುಗ ಫೋನಿನಲ್ಲಿ, "ಮೇಡಂ, ನೀವು ಎಲ್ಲಿ ಹುಟ್ಟಿದ್ದು ಅಂತ ಒಂದು ಫಿಕ್ಸ್ ಮಾಡ್ಕೊಂಡು ಹೇಳಿ" ಅಂದ. ಸ್ಪೀಕರ್ ಹಚ್ಚಿದ್ದೆ. ಪೇಪರ್ ಓದುತ್ತ ಕೂತಿದ್ದ ಅಪ್ಪ ತಲೆ ಎತ್ತದೆ, "ಹೇಳು, ನೀರಾಗಂತ" ಅಂದರು.

ಸುಳ್ಳೇನಲ್ಲ. ಹಳೇ ಬಾಗಲಕೋಟೆಯ ನಮ್ಮ ಮನೆ ಇದ್ದ ಜಾಗ ಈಗ ಆಲಮಟ್ಟಿಯ ಹಿನ್ನೀರಿನಡಿ ಇದೆ. ಮನೆ ಬಿಡುವಾಗ ಅಪ್ಪ ತೊಲೆ, ಜಂತಿ, ತಲೆಬಾಗಿಲು ಎಲ್ಲ ಬಿಚ್ಚಿಸಿಕೊಂಡು ಬಂದರು. ನವನಗರದ ಸಿಮೆಂಟಿನ ಮನೆಗೆ ಅದೇ ಬಾಗಿಲು, ಚೌಕಟ್ಟಿಗಿಂತ ಬಾಗಿಲೇ ದೊಡ್ಡದಾಗಿ ಕೆಳಗೆ ಅರ್ಧ ಗೇಣು ಕೊಯ್ಯಿಸಬೇಕಾಯಿತು. ಮೊನ್ನೆ ಸೂಟ್‌ಕೇಸುಗಳನ್ನು ಒಂದೊಂದಾಗಿ ಎತ್ತಿ ನೋಡಿದ ಅಪ್ಪ, "ನಮಗ ಟ್ರ್ಯಾಕ್ಟರ್ ಇತ್ತವಾ. ಕಿಲೊ ಲೆಕ್ಕಾ ಯಾರೂ ಕೇಳಲಿಲ್ಲ" ಅಂದರು. ಆಮೇಲೆ ಜಿಪ್ ಎಳೆದು ನೋಡುವ ನೆಪ ಮಾಡಿ ಬಹಳ ಹೊತ್ತು ಅಲ್ಲೇ ಬಗ್ಗಿ ನಿಂತಿದ್ದರು.

ಇರಲಿ, ಎದುರುಮನೆ ಕಾಕುವಿನ ವಿಷಯಕ್ಕೆ ಬರುತ್ತೇನೆ. ನನ್ನ ರಕ್ತದೊತ್ತಡ ಏರಿರುವುದು ಅವರಿಂದ.

ಕಾಕುವಿನ ಮಗ ಬ್ರಿಸ್ಬೇನ್‌ನಲ್ಲಿದ್ದಾನೆ. ಪರ್ತ್‌ನಿಂದ ಅಲ್ಲಿಗೆ ವಿಮಾನದಲ್ಲೇ ಸುಮಾರು 3,600 ಕಿಲೋಮೀಟರ್, ಗಡಿಯಾರದಲ್ಲಿ ಎರಡು ತಾಸಿನ ಫರಕು. ನಾನು ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದೆ. ಕಾಕು ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ ಎರಡೂ ಊರು ಮುಟ್ಟಿ, "ಇಷ್ಟ ಐತೆಲ್ಲ!" ಅಂದರು. ನವನಗರದ ಸೆಕ್ಟರಿನಿಂದ ಸೆಕ್ಟರಿಗೆ ಸಂಜೆ ವಾಕಿಂಗ್ ಹೋಗಿ ಬರುವಷ್ಟೇ ಸಸಾರ ಅವರಿಗೆ.

ಮೊದಲು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬಂತು. ಅರ್ಧ ಕಿಲೊ. ಮರುದಿನ ಅಗಸಿ ಹಿಂಡಿ, ಅದೂ ಅರ್ಧ ಕಿಲೊ. ಆಮೇಲೆ ಕಡಕ್ ರೊಟ್ಟಿ. "ರೊಟ್ಟಿಗೇನ್ ತೂಕ ಇರತೈತಿ, ಗಾಳಿ" ಅಂದರು. ಅಮೀನಗಡದ ಕರದಂಟು ಬಂತು. ಹಾಲಿನ ಸಿಹಿ ಕುಂದಾವೂ ಬಂದಾಗ ನಾನು ತಡೆದೆ. ನಮ್ಮ ದೇಶದ ದನಕರುಗಳಲ್ಲಿ ಕಾಲುಬಾಯಿ ಬೇನೆ ಇರುವುದರಿಂದ ಇಲ್ಲಿನ ಹಾಲಿನ ಪದಾರ್ಥ ಅವರು ಒಳಗೆ ಬಿಡುವುದಿಲ್ಲ, ಉಳಿದ ತಿನಿಸನ್ನೂ ಕಾರ್ಡಿನಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ, ಪರ್ತ್ ಇರುವ ರಾಜ್ಯಕ್ಕೆ ಜೇನುತುಪ್ಪವನ್ನು ಪಕ್ಕದ ರಾಜ್ಯದಿಂದಲೂ ತರುವ ಹಾಗಿಲ್ಲ ಎಂದೆಲ್ಲ ಬಿಡಿಸಿ ಹೇಳಿದೆ. ಕಾಕು ಸಿಟ್ಟಾದರು. "ನಮ್ಮ ಎಮ್ಮಿಗೆ ಏನ್ ಬ್ಯಾನಿ ಬಂದೈತಿ? ಡಾಕ್ಟರ್ ಕಡೆ ಚುಚ್ಚಿಸೇವಲ್ಲ!" ಆ ಕುಂದಾ ನನ್ನ ಮಕ್ಕಳು ತಿಂದರು. ಆ ಮಟ್ಟಿಗೆ ಆಸ್ಟ್ರೇಲಿಯಾ ಸರ್ಕಾರಕ್ಕೆ ಋಣಿ.

ನಿನ್ನೆ ಬೆಳಿಗ್ಗೆ ಕಾಕು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಅವಚಿಕೊಂಡು ಬಂದರು. ನನ್ನ ಕೈಗಿಟ್ಟರು. ಕೈ ಗಂಟಿನ ಸಮೇತ ದಿವಾನಕ್ಕೆ ಬಡಿಯಿತು. ಬಿಚ್ಚಿದರೆ ಕಬ್ಬಿಣದ ಕಲಬತ್ತಾ, ಕುಟ್ಟುವ ಗೂಟದ ಸಮೇತ.

"ಕಾಕೂ, ಇದೆಷ್ಟ್ ಭಾರ ಐತ್ರಿ?"

"ಬರೇ ಅರ್ಧಾ ಕಿಲೊ."

ನಮ್ಮನೆಯವರು ಮಾತಾಡದೆ ಹೋಗಿ ತೂಗುವ ಕೊಕ್ಕೆ ತಂದು ಗಂಟು ನೇತುಹಾಕಿದರು. ನಾಲ್ಕೂವರೆ.

"ಅದು ಸೀರಿ ತೂಕ" ಅಂದರು ಕಾಕು. ಸೀರೆ ಬಿಚ್ಚಿ ಮತ್ತೆ ತೂಗಿದೆವು. ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿತು. "ನಿಮ್ಮ ಕಾಟಾನ ಖರೇ ಇಲ್ಲ. ಇದು ನಮ್ಮತ್ತಿ ಕಾಲದ್ದು, ನಮಗೆಂದೂ ಭಾರ ಆಗಿಲ್ಲ. ನನ ಮಗಗ ಮಿಕ್ಸರಿನ್ಯಾಗ ಮಾಡಿದ ಖಾರ ಸೇರೂದಿಲ್ಲ."

ಬ್ಯಾಗಿನಲ್ಲಿ ಜಾಗವಿಲ್ಲವೆಂದೆ. ಅದಕ್ಕೂ ಉಪಾಯ ತಯಾರಿತ್ತು. "ದೊಡ್ಡ ಬ್ಯಾಗಿಗಷ್ಟ ತೂಕ ನೋಡ್ತಾರಂತಲ್ಲ? ಬತ್ತಾ ಅದರಾಗ ಹಾಕು. ಗೂಟಾ ಕೈಯಾಗ ಹಿಡಕೊಂಡು ಹೋಗು. ಕೇಳಿದ್ರ ಅಡಗಿ ಸಾಮಾನ ಅನ್ನು."

ಒಂದು ಮೊಳದ ಕಬ್ಬಿಣದ ಗೂಟ ಹಿಡಿದು ವಿಮಾನದ ಬಾಗಿಲಲ್ಲಿ ನಿಂತು ನಾನು ಅಡುಗೆ ಸಾಮಾನು ಅನ್ನಬೇಕು! ನಮ್ಮನೆಯವರಂತೂ ನಗು ತಡೆಯಲಾರದೆ ಹಿತ್ತಲಿಗೆ ಎದ್ದುಹೋದರು. ಇಂಥ ಹೊತ್ತಿನಲ್ಲಿ ಅವರು ಯಾವಾಗಲೂ ಹಿತ್ತಲಲ್ಲೇ ಇರುತ್ತಾರೆ.

ರಾತ್ರಿ ಬ್ರಿಸ್ಬೇನ್ ಹುಡುಗನಿಗೇ ಫೋನು ಹಚ್ಚಿದೆ. "ಅಕ್ಕಾರ, ತರಬ್ಯಾಡ್ರಿ. ಹಿಂಡಿ ಇಲ್ಲೇ ಇಂಡಿಯನ್ ಅಂಗಡ್ಯಾಗ ಸಿಗತಾವು. ಆದ್ರ ಅವ್ವಗ ನಾ ಹಿಂಗಂದೆ ಅಂತ ಹೇಳಬ್ಯಾಡ್ರಿ" ಅಂದ. ಮಗನೇನೋ ಜಾಣ. ಹೇಳುವ ಪಾಪ ನನ್ನ ತಲೆಗೆ ಬಂತು, ಅದಕ್ಕೆ ಕಿಲೊ ಲೆಕ್ಕವಿಲ್ಲ.

ಇವತ್ತು ಮನಸ್ಸು ಗಟ್ಟಿ ಮಾಡಿ ಕಲಬತ್ತಾ ಎತ್ತಿಕೊಂಡು ಎದುರುಮನೆಗೆ ಹೋದೆ. ಇದೊಂದು ಆಗುವುದಿಲ್ಲ ಕಾಕೂ, ತಪ್ಪು ತಿಳಿಯಬೇಡಿ ಎಂದೆ. ಅಳುತ್ತಾರೇನೋ ಅಂದುಕೊಂಡಿದ್ದೆ. ಅವರು ಗಂಟನ್ನು ಮೂಲೆಗಿಟ್ಟು, ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

"ಅಂದ್ರ ನಾಲ್ಕೂವರಿ ಕಿಲೊ ಜಾಗಾ ಖಾಲಿ ಆತಲ್ಲ ನಿನ್ನ ಬ್ಯಾಗಿನ್ಯಾಗ? ಕುಂದ್ರು ತಂಗಿ, ಬಂದೆ" ಎನ್ನುತ್ತ ಅಡುಗೆಮನೆಗೆ ಹೋದರು.