ಮಳೆ ಬಂತು, ಮಳೆ ದಿನ ಆಗಲಿಲ್ಲ

ಹೋದ ವರ್ಷ ಜೂನ್‌ನಲ್ಲಿ ಒಂದು ಸಂಜೆ ನವಲಗುಂದದ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ ಮಳೆ ಬಿತ್ತು. ಕಾಕಾ ತೊಯ್ದರು. ಎತ್ತು ತೊಯ್ದವು. ಮಾಳಿಗೆ ಮೇಲೆ ಚಿಗವ್ವ ಒಣಹಾಕಿದ್ದ ಶಾವಿಗೆ ತೊಯ್ದು ಮುದ್ದೆ ಆಯಿತು. ಇಷ್ಟೆಲ್ಲ ಆದರೂ ಅವತ್ತು ‘ಮಳೆ ದಿನ’ ಆಗಲಿಲ್ಲ.

ಯಾಕಂದ್ರೆ ಮಳೆ ಮಾಪಕದಲ್ಲಿ ಬಂದದ್ದು 2.4 ಮಿ.ಮೀ. ಹವಾಮಾನದವರ ವ್ಯಾಖ್ಯೆ ಪ್ರಕಾರ ದಿನಕ್ಕೆ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರಷ್ಟೇ ಅದು ಮಳೆ ದಿನ. ಒಂದು ಕೂದಲೆಳೆ ಕಡಿಮೆ ಬಿತ್ತು. ಕಾಕಾ ತೊಯ್ದದ್ದು ಲೆಕ್ಕಕ್ಕೆ ಬರಲಿಲ್ಲ.

“ಹಂಗಾರ ನಾ ತೊಯ್ದದ್ದು ಯಾತರಾಗೋ ತಮ್ಮಾ? ಬೆವರಿನಾಗೇನ?” ಅಂತ ಕಾಕಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಿಕೆ ಇತ್ತು.

ಪುಸ್ತಿಕೆಯ ಕಥೆ ಹೇಳಿಬಿಡುತ್ತೇನೆ. ಕೃಷಿ, ಆಹಾರ, ಪರಿಸರ ವಿಜ್ಞಾನದ ಪಾರಿಭಾಷಿಕ ಪದಗಳಿಗೆ ರೈತರಿಗೆ ತಿಳಿಯುವ ಹಾಗೆ ಅರ್ಥ ಬರೆಸಬೇಕು ಅಂತ ಒಂದು ಕಚೇರಿಗೆ ಆಸೆಯಾಯಿತು. ಯಾವ ಕಚೇರಿ ಅಂತ ಕೇಳಬೇಡಿ, ಇನ್ನೂ ಬಿಲ್ ಬರಬೇಕು. ಬರೆಸಿದರು. ಕರಡು ತಿದ್ದಲು ಧಾರವಾಡದಲ್ಲಿ ಸುಮ್ನೆ ಕೂತಿದ್ದ ನನಗೆ ಕಳಿಸಿದರು. ಮೊದಲ ಪುಟದಲ್ಲೇ ‘ರೈತಸ್ನೇಹಿ ಸರಳ ಭಾಷೆಯಲ್ಲಿ’ ಅಂತಿತ್ತು. ಎರಡನೇ ಪುಟದಲ್ಲಿ ‘ಅಂತರ್‌ಪ್ರಭೇದೀಯ ಸಂಕರಣ’ ಅಂತಿತ್ತು.

ನಾನು ಕರಡು ಕಟ್ಟಿಕೊಂಡು ಊರಿಗೆ ಹೋದೆ. ರೈತರಿಗೆ ತಿಳಿಯುತ್ತೋ ಇಲ್ಲವೋ ಅಂತ ನೋಡಲು ಮನೆಯಲ್ಲೇ ಒಬ್ಬ ರೈತರು ಇದ್ದಾರಲ್ಲ. ಕಾಕಾ ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ “ಓದಪಾ” ಅಂದರು.

“ಬೀಜೋಪಚಾರ.”

“ಬೀಗರ ಉಪಚಾರ ಕೇಳೀನಿ. ಬೀಜಕ್ಕೂ ಮಾಡತಾರ?”

ಬಿತ್ತುವ ಮುಂಚೆ ಬೀಜಕ್ಕೆ ಪುಡಿ ಹಚ್ಚೋದು ಅಂದೆ. “ಅದನ್ನ ಹಂಗ ಅನ್ನಾಕ ಏನಾಗೇತಿ?” ಅಂದರು. ‘ಅಂತರ ಬೇಸಾಯ’ ಅಂದರೆ ಎಡೆ ಹೊಡೆಯೋದು, ಸಾಲಿನ ನಡುವಿನ ಕಳೆ ತೆಗೆಯೋದು. ‘ಅಂತರ ಬೆಳೆ’ ಅಂದರೆ ಅಕ್ಕಡಿ, ಒಂದು ಬೆಳೆಯ ಸಾಲಿನ ನಡುವೆ ಇನ್ನೊಂದು ಬೆಳೆ. ಈ ಎರಡು ಅಂತರಗಳ ನಡುವಿನ ಅಂತರ ಕರಡು ಬರೆದವರಿಗೂ ಸಿಕ್ಕಿರಲಿಲ್ಲ. ಒಂದರ ಅರ್ಥ ಇನ್ನೊಂದರ ಮುಂದೆ ಕೂತಿತ್ತು. ‘ಕೊಯ್ಲೋತ್ತರ ತಂತ್ರಜ್ಞಾನ’ ಓದಿದಾಗ ಕಾಕಾ ಅದು ಉತ್ತರಾ ಮಳೆಗೆ ಸಂಬಂಧಪಟ್ಟದ್ದು ಅಂದುಕೊಂಡರು. ಇಂಗಾಲದ ಹೆಜ್ಜೆಗುರುತು ಬಂದಾಗ “ಇಂಗಾಲಕ್ಕೂ ಕಾಲದಾವ?” ಅಂದರು. ಮುಂದೆ ಹೋದೆ.

ಆಮೇಲೆ ಮಣ್ಣಿನ ಪುಟ ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು.

2015ರಿಂದ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಇದೆ. ಮಣ್ಣಿನ 12 ಗುಣ ನೋಡಿ ಬರೆದುಕೊಡುತ್ತಾರೆ. ಕೆಲಸ ಒಳ್ಳೆಯದೇ. ಕಾಕಾ ತಮ್ಮ ಕಾರ್ಡನ್ನು ದೇವರ ಜಗಲಿಯಲ್ಲಿ ಕುಂಕುಮದ ಭರಣಿ ಕೆಳಗೆ ಇಟ್ಟಿದ್ದಾರೆ. ಅದು ಅರ್ಥವಾಗದ್ದಕ್ಕೆ ಕೊಡುವ ಮರ್ಯಾದೆ. ಅದರಲ್ಲಿ ‘ರಸಸಾರ’ ಅಂತ ಒಂದು ಸಾಲಿದೆ. ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಅಂಕಿ. 7 ಇದ್ದರೆ ಎರಡೂ ಅಲ್ಲ, ಅದಕ್ಕಿಂತ ಕಡಿಮೆ ಹುಳಿ, ಜಾಸ್ತಿ ಆದರೆ ಕ್ಷಾರ. ಕಾಕಾ ಕಾರ್ಡ್ ನೋಡಿದ ದಿನ ಹೇಳಿದ್ದು ಇಷ್ಟು: “ರಸಾನೂ ಐತಿ, ಸಾರೂ ಐತಿ. ಅನ್ನಕ್ಕ ಏನ್ ಮಾಡೂದ?”

ಅದರ ಕೆಳಗಿನ ಸಾಲು ‘ವಿದ್ಯುತ್ ವಾಹಕತೆ’. ಇದನ್ನು ಓದಿ ಕಾಕಾ ನಿಜಕ್ಕೂ ಸಿಟ್ಟಾಗಿದ್ದರಂತೆ. “ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡ್ರಿ ಅಂದ್ರ ರಾತ್ರಿ ಎರಡಕ್ಕ ಕೊಡತಾರ. ಮಣ್ಣಾಗ ಮಾತ್ರ ಹಗಲೂ ರಾತ್ರಿ ಕರೆಂಟ್ ಐತಂತ!”

ಅದು ಅಳೆಯುವುದು ಮಣ್ಣಿನಲ್ಲಿ ಕರಗಿರುವ ಉಪ್ಪನ್ನು. ಉಪ್ಪು ಜಾಸ್ತಿ ಇದ್ದರೆ ಮಣ್ಣು ಕಲಸಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಆ ಹೆಸರು. ನಮ್ಮ ಕಡೆ ಇದಕ್ಕೆ ಸವಳು ಅನ್ನುತ್ತಾರೆ. ಯರಿ ಭೂಮಿಗೆ, ಅಂದರೆ ಕಪ್ಪು ಮಣ್ಣಿಗೆ, ಕಾಲುವೆ ನೀರು ಸಿಕ್ಕಾಪಟ್ಟೆ ಹಾಯಿಸಿ, ಬಸಿದು ಹೋಗಲು ದಾರಿ ಮಾಡದೆ ಇದ್ದರೆ ಕೆಳಗಿನ ಉಪ್ಪು ನೀರಿನ ಜೊತೆ ಮೇಲೆ ಬರುತ್ತದೆ. ನೀರು ಆರಿದ ಮೇಲೆ ಉಪ್ಪು ಮಾತ್ರ ಉಳಿದು ಹೊಲ ಬೆಳ್ಳಗಾಗುತ್ತದೆ. ಮಲಪ್ರಭಾ ಕಾಲುವೆ ಕೆಳಗಿನ ರೈತರಿಗೆ ಸವಳು-ಜವಳು ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಡಿನಲ್ಲಿ ‘ಸವಳು’ ಅಂತ ಮೂರು ಅಕ್ಷರ ಬರೆದಿದ್ದರೆ ಕಾಕಾ ಅದನ್ನು ಜಗಲಿಯಿಂದ ಇಳಿಸಿ ಓದುತ್ತಿದ್ದರು.

ನಾನು ಕರಡಿನ ಅಂಚಿನಲ್ಲಿ ‘ಸವಳು’ ಅಂತ ಬರೆದೆ. ವಾಪಸ್ ಬಂದಾಗ ಅದರ ಮೇಲೆ ಕೆಂಪು ಗೀಟು. ‘ಗ್ರಾಮ್ಯ ಪದ’ ಅಂತ ಷರಾ. ಗ್ರಾಮದವರಿಗೆ ಬರೆದ ಪುಸ್ತಕದಲ್ಲಿ ಗ್ರಾಮ್ಯ ಪದ ಇರಬಾರದು. ಸರಿ ಬಿಡಿ.

ಹೆಸರಿಡೋದು ಬರುವುದಿಲ್ಲ ಅಂತಲ್ಲ. ಇದೇ ಧಾರವಾಡದಿಂದ 1972ರಲ್ಲಿ ಒಂದು ಹತ್ತಿ ತಳಿ ಹೊರಬಂತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ್ದು. ಕರಡಿನ ಎರಡನೇ ಪುಟದ ಆ ಅಂತರ್‌ಪ್ರಭೇದೀಯ ಭೂತ ಇದೇ. ಡಾ. ಬಿ.ಎಚ್. ಕತರಕಿ ಅದಕ್ಕೆ ಇಟ್ಟ ಹೆಸರು ವರಲಕ್ಷ್ಮಿ. ಆಮೇಲೆ ಬಂದ ಡಿಸಿಎಚ್-32ಕ್ಕೆ ಜಯಲಕ್ಷ್ಮಿ ಅಂದರು. ಯಾವ ರೈತರೂ ವ್ಯಾಖ್ಯೆ ಕೇಳಲಿಲ್ಲ. ಲಕ್ಷ್ಮಿ ಬರ್ತಾಳೆ ಅಂದ್ರೆ ಯಾರು ಬೇಡ ಅಂತಾರೆ.

ಜೋಳದ ಕಥೆ ಮಾತ್ರ ಉಲ್ಟಾ. ಚಿಗವ್ವ ನಲವತ್ತು ವರ್ಷದಿಂದ ಅದೇ ಕಲ್ಲಿನ ಮೇಲೆ ಅದೇ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಮೊದಲು ಅದು ‘ಒರಟು ಧಾನ್ಯ’ ಆಗಿತ್ತು. ಹಾಗಂತ ಸರ್ಕಾರಿ ಕಾಗದದಲ್ಲೇ ಇತ್ತು. ನಮ್ಮ ಸಾವೆ, ನವಣೆಗಳಂತೂ ‘ತೃಣಧಾನ್ಯ’. ತೃಣಕ್ಕೆ ಸಮಾನ ಅಂತ ಬೈಗುಳದಲ್ಲಿ ಬರುತ್ತಲ್ಲ, ಆ ತೃಣ. 2018ರಲ್ಲಿ ದಿಲ್ಲಿಯಲ್ಲಿ ಅಧಿಸೂಚನೆ ಹೊರಟು ಜೋಳ ರಾತ್ರೋರಾತ್ರಿ ‘ಪೌಷ್ಟಿಕ ಧಾನ್ಯ’ ಆಯಿತು. ಇಲ್ಲಿ ‘ಸಿರಿಧಾನ್ಯ’ ಆಯಿತು. 2023ರ ಬಜೆಟ್ಟಿನಲ್ಲಿ ‘ಶ್ರೀ ಅನ್ನ’ ಆಯಿತು. ರೊಟ್ಟಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಮೊದಲಿನ ಹಾಗೆ ಉಬ್ಬುತ್ತಿದೆ. ಹುಬ್ಬಳ್ಳಿ ಖಾನಾವಳಿಯಲ್ಲಿ ಎಣ್ಣಿಗಾಯಿ ಜೊತೆ ತಿಂದರೆ ರೊಟ್ಟಿ. ಮಾಲ್‌ನಲ್ಲಿ ತೆಳ್ಳಗೆ ಒಣಗಿಸಿ ಡಬ್ಬಿಗೆ ಹಾಕಿದರೆ ಸೂಪರ್ ಫುಡ್. ಈ ಬಡ್ತಿಯ ಸುದ್ದಿ ಹೇಳಿದಾಗ ಚಿಗವ್ವ “ಹೌದಾ? ರೇಟ್ ಏರೇತೇನ?” ಅಂತ ಒಂದೇ ಮಾತು ಕೇಳಿದಳು.

ಎಲ್ಲ ಹೊಸ ಪದವೂ ದಂಡ ಅಂತ ನಾನು ಹೇಳುತ್ತಿಲ್ಲ. ಕೆಲವು ಕಡೆ ಪದ ಬೇಕೇ ಬೇಕು. ಅಲ್ಲೇ ಇವರು ಕೈ ಕೊಡುವುದು.

ಕಾಕಾ ಹೊಲದಲ್ಲಿ ಮೆಣಸಿನಗಿಡಕ್ಕೆ ಮುಟುರು ಬಿತ್ತು. ಎಲೆ ಮುದುಡಿ, ಗಿಡ ಗಿಡ್ಡಾಗಿ ಕೂತಿತು. ಕಾಕಾ ನಾಲ್ಕು ಎಲೆ ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡು ಎಣ್ಣಿ ಅಂಗಡಿಗೆ ಹೋದರು. ಎಣ್ಣಿ ಅಂದರೆ ಕೀಟನಾಶಕ. ನಮ್ಮ ಕಡೆ ಹಾಗೇ ಅನ್ನೋದು. ಒಮ್ಮೆ ಬೆಂಗಳೂರಿನ ಗೆಳೆಯನೊಬ್ಬ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದಾಗ ಕಾಕಾ “ಬರ್ರಿ ಬರ್ರಿ, ಈಗಷ್ಟ ಎಣ್ಣಿ ಹೊಡದು ಬಂದೆ” ಅಂದರು. ಅವನು ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಅಂಗಡಿಯವನು ಎಲೆ ಬಿಚ್ಚಿ ನೋಡದೆಯೇ “ನುಸಿ” ಅಂದ. ಮೂರು ಬಾಟಲಿ ಕೌಂಟರಿನ ಮೇಲಿಟ್ಟ. “ಮೂರೂ ಕೂಡಿಸಿ ಹೊಡೀರಿ. ಯಾವುದಿದ್ರೂ ಸಾಯತೈತಿ.” ಬಿಲ್ಲಿಗೂ ಅದೇ ನಿಯಮ ಅನ್ವಯಿಸಿತು.

ವಿಷಯ ಏನಂದ್ರೆ, ಮುಟುರು ತರುವವರು ಮುಖ್ಯವಾಗಿ ಇಬ್ಬರು. ಒಂದು ಥ್ರಿಪ್ಸ್. ಅದಕ್ಕೆ ಆರು ಕಾಲು, ಅದು ಕೀಟ. ಇನ್ನೊಂದು ಮೈಟ್. ಅದಕ್ಕೆ ಎಂಟು ಕಾಲು, ಅದು ಜೇಡದ ಸಂಬಂಧಿ. ನಮ್ಮಲ್ಲಿ ಎರಡಕ್ಕೂ ನುಸಿ ಅಂತಲೇ ಹೆಸರು. ಥ್ರಿಪ್ಸ್ ಕೂತರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿ ಹಾಗಾಗುತ್ತದೆ. ಮೈಟ್ ಕೂತರೆ ಕೆಳಕ್ಕೆ ಮಡಚಿ ಕವುಚಿಟ್ಟ ದೋಣಿ ಹಾಗಾಗುತ್ತದೆ. ಕೀಟಕ್ಕೆ ಹೊಡೆಯುವ ಎಷ್ಟೋ ಎಣ್ಣಿ ಮೈಟ್‌ಗೆ ನಾಟುವುದೇ ಇಲ್ಲ. ಅದಕ್ಕೆ ಗಂಧಕದಂಥ ಬೇರೆ ಮದ್ದು ಬೇಕು. ಒಂದು ಹೆಸರಿನ ಗೊಂದಲಕ್ಕೆ ಒಂದು ಬೆಳೆ ಹೋಗುತ್ತದೆ. ಪುಸ್ತಿಕೆ ಕೆಲಸಕ್ಕೆ ಬರಬೇಕಾದದ್ದು ಸರಿಯಾಗಿ ಇಲ್ಲಿ, ಅಲ್ವಾ?

ಪುಸ್ತಿಕೆಯಲ್ಲಿ ಹೀಗಿತ್ತು: ‘ನುಸಿ: ಸಂಧಿಪದಿ ವರ್ಗಕ್ಕೆ ಸೇರಿದ, ರಸ ಹೀರುವ ಸೂಕ್ಷ್ಮ ಪೀಡೆ.’ ಕಾಕಾ ಎರಡು ಸಲ ಓದಿಸಿದರು. “ಸಂಧಿಪದಿ ಏನೋ ಗೊತ್ತಿಲ್ಲ. ಉಳದದ್ದು ನಮ್ಮೂರಾಗ ಬಡ್ಡಿಗೆ ರೊಕ್ಕ ಕೊಡಾಂವಗೂ ಹೊಂದತೈತಿ.”

ಬಾಟಲಿಗಳಲ್ಲಿ ಒಂದರ ಮೇಲೆ ಹಳದಿ ತ್ರಿಕೋನ, ಒಂದರ ಮೇಲೆ ನೀಲಿ, ಒಂದರ ಮೇಲೆ ಹಸಿರು ಇತ್ತು. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ವಿಷವೇ, ಕಡಿಮೆ ವಿಷ ಅಷ್ಟೇ. ಡಬ್ಬಿಯೊಳಗೆ ವಿವರದ ಚೀಟಿಯೂ ಇತ್ತು. ಕನ್ನಡದಲ್ಲೂ ಇತ್ತು. ಥ್ರಿಪ್ಸ್ ನೋಡುವ ಮಸೂರ ಹಿಡಿದರೆ ಓದಬಹುದು. ಕಾಕಾ ಓದಲಿಲ್ಲ. ಮುಚ್ಚಳದಲ್ಲಿ ಅಳೆದು ಪಂಪಿಗೆ ಸುರಿದರು. “ಹಸರು ಸಿಗ್ನಲ್ ಐತಿ, ಹೋಗಬಹುದು” ಅಂದರು. ಎಲ್ಲಿಗೆ ಅಂತ ಬಾಟಲಿ ಮೇಲೆ ಬರೆದಿರಲಿಲ್ಲ.

‘ಸಾವಯವ’ ಬಂದಾಗ ಹತ್ತನೇ ಕ್ಲಾಸಿನ, ಕಾಕಾನ ಮೊಮ್ಮಗ ನಡುವೆ ಬಾಯಿ ಹಾಕಿದ. ಅವನ ವಿಜ್ಞಾನದ ಮಾಸ್ತರು ಹೇಳಿದ್ದಾರೆ: 1828ರಲ್ಲಿ ವೋಲರ್ ಅನ್ನುವ ಜರ್ಮನ್ ವಿಜ್ಞಾನಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ ಸಾವಯವ ಸಂಯುಕ್ತ ಯಾವುದು? ಯೂರಿಯಾ. ಹುಡುಗ ಸುಳ್ಳು ಹೇಳಲಿಲ್ಲ. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಗಳಿಗೆ ಸಾವಯವ ಅನ್ನುತ್ತಾರೆ. ಹೊಲದಲ್ಲಿ ರಾಸಾಯನಿಕ ಗೊಬ್ಬರ ಹಾಕದೆ ಬೆಳೆದದ್ದಕ್ಕೆ ಸಾವಯವ ಅನ್ನುತ್ತಾರೆ. ಒಂದೇ ಪದ, ಎರಡು ಇಲಾಖೆ. ಕಾಕಾ ಮೂಲೆಯಲ್ಲಿದ್ದ 45 ಕೆಜಿ ಚೀಲದ ಕಡೆ ಪ್ರೀತಿಯಿಂದ ನೋಡಿದರು. “ಸಾವಯವಾನೂ ಹೌದು, ಮ್ಯಾಲೆ ಬೇವಿನ ಎಣ್ಣಿನೂ ಹಚ್ಯಾರ. ಇಷ್ಟು ದಿನ ನಮಗ ಗೊತ್ತಿಲ್ಲದ ನಾವು ಸಾವಯವ ಮಾಡೇವಿ ನೋಡು.” ಈ ವ್ಯಾಖ್ಯೆ ಹಿಡಿದು ಧಾರವಾಡದ ಕೃಷಿಮೇಳದಲ್ಲಿ ಮಳಿಗೆ ಹಾಕಬಹುದು. ಹಾಕಿದವರು ಈಗಾಗಲೇ ಇದ್ದರೂ ಇರಬಹುದು.

‘ಬರ’ಕ್ಕೆ ಪುಸ್ತಿಕೆಯಲ್ಲಿ ಒಂದೂವರೆ ಪುಟ. ಹಿಂದೆ ಮುಂಬಯಿ ಸರ್ಕಾರದ ಕಾಲದಲ್ಲಿ ನಮ್ಮ ಕಡೆ ಆಣೇವಾರಿ ಇತ್ತು. ಹದಿನಾರಾಣೆ ಅಂದರೆ ಪೂರಾ ಬೆಳೆ. ಈ ಸಲ ನಾಲ್ಕಾಣೆ ಬೆಳೆ ಅಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ 2016ರ ಕೇಂದ್ರದ ಕೈಪಿಡಿ ಇದೆ. ಮಳೆ ಎಷ್ಟು ಕೊರತೆ, ಎಷ್ಟು ವಾರ ಒಣ ಹವೆ, ಮಣ್ಣಿನ ತೇವ ಎಷ್ಟು, ಉಪಗ್ರಹಕ್ಕೆ ಹಸಿರು ಎಷ್ಟು ಕಾಣುತ್ತದೆ, ಎಲ್ಲ ನೋಡುತ್ತಾರೆ. ಉಪಗ್ರಹದ್ದೇ ತಕರಾರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಆದರೆ ಗೊಂಜಾಳ, ಅಂದರೆ ಮೆಕ್ಕೆಜೋಳ, ಆಳೆತ್ತರ ಹಸಿರಾಗಿ ನಿಂತಿತ್ತು. ತೆನೆ ಸುಲಿದರೆ ಒಳಗೆ ಬೆಂಡು ಮಾತ್ರ, ಕಾಳಿಲ್ಲ. ಮೇಲಿನಿಂದ ನೋಡಿದವರಿಗೆ ಸಮೃದ್ಧಿ. ಕೊನೆಗೆ ಇದಕ್ಕೂ ಒಂದು ಪದ ಹುಟ್ಟಿತು: ‘ಹಸಿರು ಬರ’. ಕೇಳಲು ಎಷ್ಟು ಚಂದ ಇದೆ ನೋಡಿ. ಮಗಳಿಗೆ ಹೆಸರಿಡಬಹುದು.

ಪರಿಹಾರಕ್ಕೆ ಬೆಳೆ ನಷ್ಟ ಕನಿಷ್ಠ ಶೇ 33 ಆಗಿರಬೇಕು. ಶೇ 32 ಹೋದರೆ ಅದು ನಷ್ಟ ಅಲ್ಲ. 2.4 ಮಿ.ಮೀ. ಮಳೆ ಹೇಗೆ ಮಳೆ ಅಲ್ಲವೋ ಹಾಗೆ. ಕಾಕಾ ಇದನ್ನು ಬೇಗ ಹಿಡಿದರು. “ಅಂದ್ರ ಹಾಳಾಗೂದಿದ್ರೂ ಅಳತಿ ಪ್ರಕಾರ ಹಾಳಾಗಬೇಕ” ಅಂದರು.

ಆಗಸ್ಟ್ ಕೊನೆಗೆ ಎರಡನೇ ಕರಡು ಬಂತು. ಹೆಸರುಕಾಯಿ ಬಿಡಿಸುವ ಹೊತ್ತು. ‘ರ’ ಅಕ್ಷರಕ್ಕೆ ಬಂದೆವು. ‘ರೈತ: ಕೃಷಿ ಭೂಮಿಯ ಒಡೆತನ ಹೊಂದಿರುವ ವ್ಯಕ್ತಿ.’ 2007ರ ರಾಷ್ಟ್ರೀಯ ರೈತ ನೀತಿಯಲ್ಲಿ ಇದಕ್ಕಿಂತ ದೊಡ್ಡ ಅರ್ಥ ಇದೆ. ಬೇರೆಯವರ ಹೊಲ ಲಾವಣಿಗೆ ಮಾಡುವವರು, ಕೂಲಿಗೆ ಹೋಗುವವರು, ಜೇನು ಸಾಕುವವರು, ಕುರಿ ಕಾಯುವವರು, ಎಲ್ಲರೂ ಅದರಲ್ಲಿ ರೈತರೇ. ಮೊದಲ ಸಲ ಅದನ್ನು ಅಂಚಿನಲ್ಲಿ ಬರೆದು ಕಳಿಸಿದ್ದೆ. ‘ಸ್ಥಳಾವಕಾಶ ಇಲ್ಲ’ ಅಂತ ವಾಪಸ್ ಬಂದಿತ್ತು. ದ್ಯುತಿಸಂಶ್ಲೇಷಣೆಗೆ ಚಿತ್ರಸಮೇತ ಅರ್ಧ ಪುಟ ಕೊಟ್ಟಿದ್ದರು.

ಅಷ್ಟರಲ್ಲಿ ಚಿಗವ್ವ ಹೊಲದಿಂದ ಬಂದಳು. ಉಡಿ ತುಂಬ ಹೆಸರುಕಾಯಿ. ಬೆಳಿಗ್ಗೆ ಆರಕ್ಕೆ ಹೋದವಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು.

“ಏನ್ ಓದಾಕತ್ತೀರಿ ಇಬ್ಬರೂ?”

“ರೈತ ಅಂದ್ರ ಯಾರು ಅಂತ ಬರದಾರವ್ವ.”

“ಅದರಾಗ ನಾ ಅದೀನೇನ?”

ಕಾಕಾ ಎಲೆಯ ತೊಟ್ಟು ಮುರಿಯುತ್ತಾ ಕೂತರು. ಉತಾರ, ಅಂದರೆ ಹೊಲದ ಪಹಣಿ, ಅವರ ಹೆಸರಿನಲ್ಲೇ ಇದೆ. ನಾನು ಪುಟ ತಿರುವಿದ ಹಾಗೆ ಮಾಡಿದೆ.

ಚಿಗವ್ವ ಕಾಯಲಿಲ್ಲ. ನನ್ನ ಕೈಯಿಂದ ನಾಲ್ಕು ಹಾಳೆ ತೆಗೆದುಕೊಂಡು ಕಟ್ಟೆ ಮೇಲೆ ಹಾಸಿದಳು. ಉಡಿ ಬಿಚ್ಚಿ ಕಾಯಿ ಸುರಿದಳು. “ಛಲೋ ಹಾಳಿ ಅದಾವ. ಇನ್ನೊಂದೆರಡು ಕೊಡು” ಅಂದಳು.