ಕೊಲೆ ಎಲ್ಲೈತ್ರಿ?

ಪತ್ತೇದಾರಿ ಪುಸ್ತಕ ಅಂದ ಕೂಡಲೇ ನಮ್ಮ ರಾಯಚೂರಿನ ಓದುಗರು ಮೊದಲು ಹೆಣ ಹುಡುಕುತ್ತಾರೆ. ಹತ್ತು ಪುಟದೊಳಗೆ ಹೆಣ ಬೀಳದಿದ್ದರೆ ಪುಸ್ತಕ ಕೊಟ್ಟವರ ಮೇಲೇ ಅನುಮಾನ. ಇಂಥವರಿಗೆ ನಾನು ಹಂಚಲು ಹೊರಟಿದ್ದು 'ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ' ಅನ್ನುವ ಸರಣಿಯನ್ನು. ಅದರಲ್ಲಿ ಕೊಲೆಗೆ ಪುರುಸೊತ್ತೇ ಇಲ್ಲ. ಚಹಾ ಕುಡಿಯುವುದರಲ್ಲೇ ಹೊತ್ತು ಹೋಗುತ್ತದೆ.

ಬರೆದವರು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್. ಹುಟ್ಟಿದ್ದು ಈಗಿನ ಜಿಂಬಾಬ್ವೆಯ ಬುಲವಾಯೊದಲ್ಲಿ, ಪ್ರೊಫೆಸರ್ ಆಗಿ ಕಾನೂನು ಕಲಿಸಿದ್ದು ಎಡಿನ್‌ಬರೋದಲ್ಲಿ. ಚೆನ್ನಾಗಿ ನುಡಿಸಲು ಬಾರದವರೇ ಸೇರಿ ಕಟ್ಟಿಕೊಂಡ 'ರಿಯಲಿ ಟೆರಿಬಲ್ ಆರ್ಕೆಸ್ಟ್ರಾ' ಅಂತ ಒಂದು ವಾದ್ಯವೃಂದ ಅಲ್ಲಿದೆ. ಅದನ್ನು ಶುರು ಮಾಡಿದವರಲ್ಲಿ ಇವರೂ ಒಬ್ಬರು. ಇಂಥ ಮನುಷ್ಯನಿಂದ ರಕ್ತಪಾತ ನಿರೀಕ್ಷಿಸಬಹುದಾ ಹೇಳಿ. 1998ರಲ್ಲಿ ಮೊದಲ ಪುಸ್ತಕ ಬಂತು, 2024ಕ್ಕೆ 25ನೆಯದು.

ಕಥೆ ನಡೆಯುವುದು ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ನಲ್ಲಿ. ಅಲ್ಲೂ ನಮ್ಮಂತೆಯೇ ಬಿಸಿಲು, ದನ, ಮಳೆಯ ದಾರಿ ಕಾಯುವುದು. ನಾಯಕಿ ಪ್ರೆಶಸ್ ರಾಮೋತ್ಸ್ವೆ. ನಮ್ಮ ಗುಂಪಿನ ನಿವೃತ್ತ ಮಾಸ್ತರರ ಬಾಯಲ್ಲಿ ಆಕೆ ಮೊದಲ ದಿನದಿಂದಲೂ ರಾಮೋತ್ಸವಮ್ಮ. ಆಕೆಯ ಅಪ್ಪ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ದುಡಿದು, ಪುಪ್ಪುಸ ಹಾಳು ಮಾಡಿಕೊಂಡು, ದನ ಕೂಡಿಟ್ಟವನು. ಸಾಯುವಾಗ ಮಗಳಿಗೆ ಹೇಳುತ್ತಾನೆ: ದನ ಮಾರು, ಒಂದು ಅಂಗಡಿ ಹಾಕು. ಮಗಳು, ಪತ್ತೇದಾರಿ ಕಚೇರಿ ತೆರೆಯುತ್ತೇನೆ ಅನ್ನುತ್ತಾಳೆ. ಅಪ್ಪ ಕಣ್ಣು ಅಗಲ ಮಾಡಿ, 'ಆದರೆ... ಆದರೆ...' ಅಂತ ಏನೋ ಹೇಳಲು ಹೋಗುತ್ತಾನೆ. ಅಷ್ಟರಲ್ಲಿ ಪ್ರಾಣ ಹೋಗುತ್ತದೆ.

ಇದನ್ನು ಓದಿ ನಾನು ನಕ್ಕಿದ್ದೆ. ನಮ್ಮ ಗುಂಪಿನಲ್ಲಿ ಹಟ್ಟಿ ಕಡೆಯ ಒಬ್ಬಾಕೆ ಇದ್ದಾರೆ, ಅವರಪ್ಪನೂ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಅವರು ನಗಲಿಲ್ಲ. ಗಣಿಯ ಪುಟಗಳನ್ನೇ ಎರಡು ಸಲ ಓದಿದೆ ಅಂದರು. ಉಳಿದದ್ದರ ಬಗ್ಗೆ ಮಾತೇ ಆಡಲಿಲ್ಲ. ಪುಸ್ತಕ ವಾಪಸ್ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮಾಸ್ತರರ ಕಥೆ ಬೇರೆ. ಅವರು ಬೆಳೆದಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜೊತೆ. ನಾಲ್ಕನೇ ಕ್ಲಾಸಿನ ತನಕ ಓದಿ ಐನೂರರ ಸುಮಾರು ಕಾದಂಬರಿ ಬರೆದ ಆ ಪುಣ್ಯಾತ್ಮರ ಮುಂದೆ ಪ್ರೊಫೆಸರ್ ಯಾವ ಲೆಕ್ಕ? ಮುಂದಿನ ಭಾನುವಾರ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, "ಎಲ್ಲಾ ಓದಿದೆ. ಕೊಲೆ ಎಲ್ಲೈತ್ರಿ?" ಅಂದರು.

ಮೊಸಳೆ ಪ್ರಕರಣ ಇದೆಯಲ್ಲ ಸರ್, ಅಂದೆ. ಒಬ್ಬನ ಗಂಡಾಂತರ ಅದು. ನದಿಯಲ್ಲಿ ದೀಕ್ಷಾಸ್ನಾನಕ್ಕೆ ಇಳಿದವನು ಮೇಲೆ ಬರುವುದಿಲ್ಲ. ಹೆಂಡತಿ, ಯಾವಳ ಜೊತೆಗೋ ಓಡಿಹೋದ ಅಂತಲೇ ನಂಬಿರುತ್ತಾಳೆ. ರಾಮೋತ್ಸ್ವೆ ನದಿ ದಂಡೆಗೆ ಹೋಗಿ, ನಾಯಿಯೊಂದನ್ನು ಆಸೆಗೆ ಕಟ್ಟಿ, ಮೊಸಳೆಗೆ ಗುಂಡು ಹೊಡೆದು, ಹೊಟ್ಟೆ ಸೀಳಿ, ಗಂಡನ ಕೈಗಡಿಯಾರ ತಂದುಕೊಡುತ್ತಾಳೆ.

"ಮೊಸಳಿ ತಿಂದ್ರ ಅದು ಕೊಲೆ ಹೆಂಗ್ ಆಗ್ತೈತ್ರಿ? ಮೊಸಳಿ ಮ್ಯಾಲೆ ಕೇಸ್ ಹಾಕಾಕ ಬರ್ತೈತೇನು?"

ಮಾತು ಸರಿಯೇ. ಹಾಗೆಂದು ಅವರೇನು ಬರಿಗೈಯಲ್ಲಿ ಹೋಗಲಿಲ್ಲ. ಎರಡನೆಯದರಲ್ಲಾದರೂ ಯಾರಾದರೂ ಸಾಯುತ್ತಾರಾ ನೋಡುತ್ತೇನೆ ಅಂತ ಅದನ್ನು ಚೀಲಕ್ಕೆ ಹಾಕಿಕೊಂಡರು. ಈ ಆಸೆಯ ಮೇಲೇ ಅವರು ಪುಸ್ತಕದ ಮೇಲೆ ಪುಸ್ತಕ ಮುಗಿಸುತ್ತಿದ್ದಾರೆ. ಬೈಗುಳವೂ ತಪ್ಪಿಲ್ಲ, ಓದೂ ತಪ್ಪಿಲ್ಲ.

ನಿಜ ಹೇಳಬೇಕೆಂದರೆ ಈ ಸರಣಿಯಲ್ಲಿ ನಿದ್ದೆ ಕೆಡಿಸುವ ರಹಸ್ಯ ಇರುವುದು ಒಂದೇ: ಮದುವೆ ಯಾವಾಗ? ಮೆಕ್ಯಾನಿಕ್ ಮಾಟೆಕೋನಿ ಬಹಳ ಒಳ್ಳೆಯವನು. ಕಾರಿನ ಇಂಜಿನ್ ಜೊತೆ ಧಾರಾಳವಾಗಿ ಮಾತಾಡುತ್ತಾನೆ, ಹೆಂಗಸರ ಜೊತೆ ತಡವರಿಸುತ್ತಾನೆ. ಮೊದಲ ಪುಸ್ತಕದ ಕೊನೆಯಲ್ಲಿ ರಾಮೋತ್ಸ್ವೆ ಮದುವೆಗೆ ಹೂಂ ಅನ್ನುತ್ತಾಳೆ. ಆಮೇಲೆ ಪುಣ್ಯಾತ್ಮ ದಿನಾಂಕವನ್ನೇ ಎತ್ತುವುದಿಲ್ಲ! ನಮ್ಮಲ್ಲಾಗಿದ್ದರೆ ಸೋದರಮಾವಂದಿರು ಗ್ಯಾರೇಜಿಗೆ ನುಗ್ಗುತ್ತಿದ್ದರು. ಹಾಗಾಗಿ ಪುಸ್ತಕಗಳನ್ನು ವರಸೆಯಲ್ಲೇ ಓದಿ ಅಂತ ಕೈಮುಗಿದು ಹೇಳಿದ್ದೆ. ಬ್ಯಾಂಕಿನ ಗೆಳೆಯರೊಬ್ಬರು ಮುಖಪುಟ ಚೆಂದ ಇದೆ ಅಂತ ಸೀದಾ ಐದನೆಯದನ್ನು ಎತ್ತಿಕೊಂಡು ಹೋದರು. ಮುಂದಿನ ಸಲ ಮಂಡಾಳ ಒಗ್ಗರಣೆ ತಿನ್ನುತ್ತಾ, "ಅಂತೂ ಅನಾಥಾಶ್ರಮದ ಆಯಮ್ಮ ಮುಂದೆ ನಿಂತು ಇವರ ಮದುವಿ ಮಾಡಿಸಿಬಿಟ್ಟಳು ನೋಡ್ರಿ" ಅಂದರು. ಮಾಸ್ತರರ ಕೈಯಲ್ಲಿದ್ದ ಮಿರ್ಚಿ ಮೂರನೇ ಪುಸ್ತಕದ ಮೇಲೆ ಬಿತ್ತು. ಆ ಪುಟದಲ್ಲಿ ಈಗ ಹಿಂದಿನ ಪುಟವೂ ಕಾಣುತ್ತದೆ.

ಚಹಾದ್ದು ಇನ್ನೊಂದು ಫಜೀತಿ. ರಾಮೋತ್ಸ್ವೆ ಕುಡಿಯುವುದು ರೆಡ್‌ಬುಷ್, ಅಂದರೆ ರೂಯಿಬೊಸ್. ಅದು ಚಹಾ ಗಿಡವೇ ಅಲ್ಲ, ದಕ್ಷಿಣ ಆಫ್ರಿಕಾದ ಗುಡ್ಡಗಾಡಿನ ಒಂದು ಕುರುಚಲು ಗಿಡ. ಗುಂಪಿನ ಹುಡುಗಿಯೊಬ್ಬಳು ಉಮೇದಿನಿಂದ ಆನ್‌ಲೈನಲ್ಲಿ ತರಿಸಿದಳು. ಮೇ ತಿಂಗಳ ಬಿಸಿಲು, ಫ್ಯಾನಿನಿಂದ ಬರುವ ಗಾಳಿಯೂ ಬಿಸಿ. ಅದರಲ್ಲಿ ಕೆಂಪು ನೀರಿನ ಬಟ್ಟಲು ಕೈಗೆ ಬಂತು. ಮಾಸ್ತರರು ಮೂಸಿ, "ಯಾರಿಗಿ ನೆಗಡಿ?" ಅಂದರು. ಮನೆಯೊಡತಿಗೆ ಅವಮಾನವಾಯಿತೋ ಏನೋ, ಎಲ್ಲವನ್ನೂ ಪಾತ್ರೆಗೆ ವಾಪಸ್ ಸುರಿದು ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದರು. ಬಂದ ಪದಾರ್ಥಕ್ಕೆ ಹೆಸರಿಲ್ಲ. ನಮಗೆ ಸಮಾಧಾನ ಏನೆಂದರೆ, ಏಜೆನ್ಸಿಯ ಸೆಕ್ರೆಟರಿ ಮಕೂಟ್ಸಿಯೂ ಈ ರೆಡ್‌ಬುಷ್ಷನ್ನು ಎಷ್ಟೋ ಕಾಲ ಬಾಯಿ ಮುಚ್ಚಿಕೊಂಡು ಕುಡಿದು, ಕೊನೆಗೊಂದು ದಿನ ನನಗೆ ಸಾದಾ ಚಹಾನೇ ಬೇಕು ಅಂದವಳು. ನಾವೆಲ್ಲ ಆ ಕ್ಷಣವೇ ಅವಳ ಪಕ್ಷ ಸೇರಿದೆವು.

ಮಕೂಟ್ಸಿಗೆ ನಮ್ಮೂರಲ್ಲಿ ಅಭಿಮಾನಿಗಳು ಜಾಸ್ತಿ. ಸೆಕ್ರೆಟರಿ ಕಾಲೇಜಿನ ಪರೀಕ್ಷೆಯಲ್ಲಿ 97 ಪರ್ಸೆಂಟ್ ತೆಗೆದವಳು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುವವಳು. ಕಾಲಿನ ಬೂಟುಗಳು ಅವಳ ಜೊತೆ ಮಾತಾಡುತ್ತವೆ, ಅದೂ ವ್ಯಂಗ್ಯವಾಗಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಓಣಿಯಲ್ಲಿ ಓಡಾಡಿದವರಿಗೆ ಇವಳನ್ನು ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ.

ನನ್ನ ನಿಜವಾದ ಓದುಗರು ಮಾತ್ರ ಮನೆಯಲ್ಲೇ ಇದ್ದಾರೆ. ನಮ್ಮ ಅತ್ತೆ. ಇಂಗ್ಲಿಷ್ ಬಾರದು. ಕರೆಂಟ್ ಹೋದ ರಾತ್ರಿ ಮಾಳಿಗೆಯ ಮೇಲೆ ಕೂತು ನಾನು ಹೇಳುತ್ತೇನೆ, ಅವರು ಶೇಂಗಾ ಸುಲಿಯುತ್ತಾ ಕೇಳುತ್ತಾರೆ. ಮೊದಲ ಪುಸ್ತಕದಲ್ಲಿ ಒಬ್ಬ ಡಾಕ್ಟರ್ ಬರುತ್ತಾನೆ. ಒಂದು ದಿನ ಬಲು ಜಾಣ, ಇನ್ನೊಂದು ದಿನ ಏನೂ ಗೊತ್ತಿಲ್ಲದ ದಡ್ಡ. ರಾಮೋತ್ಸ್ವೆ ಗಡಿ ದಾಟಿ ಓಡಾಡಿ ಕಂಡುಹಿಡಿಯಬೇಕಾಯಿತು. ಅತ್ತೆ ಶೇಂಗಾದಿಂದ ತಲೆ ಎತ್ತದೆ, "ಅವಳಿ ಇರ್ಬೇಕು ತಗಿ. ಒಬ್ಬಾವ ಓದ್ಯಾನ, ಇನ್ನೊಬ್ಬಾವ ಓದಿಲ್ಲ" ಅಂದರು. ಅಷ್ಟೇ. ಕೇಸ್ ಮುಗಿಯಿತು. ನಾನು ಉಳಿದ ಪುಟಗಳನ್ನು ಏನು ಮಾಡಲಿ?

ಅತ್ತೆ ಕೇಳಿದ ಕಥೆಯನ್ನು ಇಟ್ಟುಕೊಳ್ಳುವವರಲ್ಲ. ಗುಡಿಯಲ್ಲಿ ಹೇಳುತ್ತಾರೆ, ನಲ್ಲಿಯ ಹತ್ತಿರ ಹೇಳುತ್ತಾರೆ. ಹೇಳುವಾಗ ಬೋಟ್ಸ್ವಾನಾ ಅನ್ನುವ ತೊಡಕನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಇದು ಎಲ್ಲಿಗೆ ಮುಟ್ಟಿತು ಅಂತ ಗೊತ್ತಾಗಿದ್ದು ತಳ್ಳುಗಾಡಿಯ ತರಕಾರಿಯವನಿಂದ. ನಮ್ಮ ಕೃಷ್ಣಾ ನದಿಯಲ್ಲಿ ಮೊಸಳೆಗಳಿಗೇನೂ ಬರವಿಲ್ಲ, ದಂಡೆಯ ಊರುಗಳಲ್ಲಿ ಆಗಾಗ ಅನಾಹುತವೂ ಆಗುತ್ತದೆ. ಅವನು ದನಿ ತಗ್ಗಿಸಿ ಹೇಳಿದ: "ಅಕ್ಕಾರ, ಕೇಳಿದ್ರ್ಯಾ? ದೇವದುರ್ಗದ ಕಡಿ ಗಟ್ಟಿ ಹೆಣ್ಮಗಳೊಬ್ಬಾಕಿ ಮೊಸಳಿ ಹೊಡದು ಹೊಟ್ಯಾಗಿಂದ ಗಂಡನ ವಾಚ್ ತಗದಾಳಂತ. ಇನ್ನಾ ನಡೀತಿತ್ತಂತ್ರಿ, ಟೈಮ್ ಸುದ್ದಾ ಕರೆಕ್ಟ್!"

ವಾಚ್ ನಡೆಯುತ್ತಿದ್ದದ್ದು ನನ್ನ ಪುಸ್ತಕದಲ್ಲಿಲ್ಲ. ಅದು ಇನ್ಯಾವುದೋ ಓಣಿಯಲ್ಲಿ ಸೇರಿಕೊಂಡದ್ದು, ಮೂಲಕ್ಕಿಂತ ಚೆನ್ನಾಗಿಯೂ ಇದೆ. ನಾನು ಅತ್ತೆಯ ಮುಖ ನೋಡಿದೆ. ಅವರು ಬೆಂಡೆಕಾಯಿಯ ತುದಿ ಒಂದೊಂದಾಗಿ ಮುರಿದು ನೋಡುತ್ತಾ, "ಹೌದೇನು? ಮುಂದ?" ಅಂತ ಅವನನ್ನೇ ಕೇಳಿದರು. ಅವನು ಹುರುಪಿನಿಂದ ಮುಂದುವರಿಸಿದ. ಪೊಲೀಸರು ಬಂದರಂತೆ, ಮೊಸಳೆ ಹೊಡೆದದ್ದಕ್ಕೆ ಕೇಸ್ ಆಯಿತಂತೆ. ಮಾಸ್ತರರಿಗೆ ಇದನ್ನು ತಕ್ಷಣ ತಿಳಿಸಬೇಕು ಅಂದುಕೊಂಡೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಕಥಿ ಛಲೋ ಐತಿ, ಬೆಂಡಿಕಾಯಿ ಬಲ್ತಾವ. ಹತ್ರುಪಾಯಿ ಕಮ್ಮಿ ಮಾಡು" ಅಂದರು.