ಮೌನವಾಗಿ ಮಾತು ಕಲಿಸುವ ವಿಧಾನ

ವಿದ್ಯಾರ್ಥಿಗಳ ಇಂಗ್ಲಿಷ್ ಮಾತನ್ನು ಸುಧಾರಿಸಲು ಶಿಕ್ಷಣ ಸಂಸ್ಥೆಗಳು ಕಂಡುಕೊಂಡಿರುವ ಉಪಾಯಗಳಲ್ಲಿ ಎಲ್ಲಕ್ಕಿಂತ ಸುರಕ್ಷಿತವಾದುದು ಅವರನ್ನು ಮಾತನಾಡಗೊಡದಿರುವುದು. ಬಾಯಿ ತೆರೆದರೆ ತಪ್ಪಾಗುತ್ತದೆ, ತಪ್ಪಾದರೆ ತಿದ್ದಬೇಕಾಗುತ್ತದೆ, ತಿದ್ದುತ್ತ ಕುಳಿತರೆ ಪಠ್ಯ ಮುಗಿಯುವುದಿಲ್ಲ. ಆದುದರಿಂದ ಸ್ಪೋಕನ್ ಇಂಗ್ಲಿಷ್ ಅವಧಿಯಲ್ಲಿ, ಮಾತನಾಡುವುದರ ಮಹತ್ವವನ್ನು ಕುರಿತು ಶಿಕ್ಷಕರೇ ಆದ್ಯಂತ ಮಾತನಾಡುತ್ತಾರೆ. ಮಕ್ಕಳು ಅದನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಾರೆ.

ಲೆಕ್ಕವೂ ಶಿಕ್ಷಕರ ಪರವಾಗಿಯೇ ಇದೆ. 60 ಮಕ್ಕಳ ತರಗತಿಯಲ್ಲಿ 40 ನಿಮಿಷದ ಅವಧಿಯನ್ನು ಸಮನಾಗಿ ಹಂಚಿದರೆ, ಶಿಕ್ಷಕರು ತುಟಿಪಿಟಕ್ಕೆನ್ನದಿದ್ದರೂ ತಲೆಗೆ 40 ಸೆಕೆಂಡು ದಕ್ಕುತ್ತದೆ. ಇಷ್ಟು ಸಣ್ಣ ಪಾಲಿಗಾಗಿ ಮಕ್ಕಳು ಕಿತ್ತಾಡುವುದು ಬೇಡವೆಂದು ಪೂರ್ತಿ ಅವಧಿಯ ಭಾರವನ್ನು ಗುರುಗಳೇ ಹೊರುವುದು ತ್ಯಾಗವಲ್ಲದೆ ಮತ್ತೇನು? ಇಬ್ಬಿಬ್ಬರನ್ನು ಜೋಡಿ ಮಾಡಿ ಏಕಕಾಲಕ್ಕೆ ಮಾತಿಗೆ ಬಿಟ್ಟರೆ ಪ್ರತಿಯೊಬ್ಬರಿಗೂ 20 ನಿಮಿಷದವರೆಗೆ ಸಿಗುತ್ತದೆಂಬುದು ಭಾಷಾಬೋಧನೆಯ ತರಬೇತಿ ಪಡೆದ ಯಾರಿಗೂ ಹೊಸ ಸಂಗತಿಯಲ್ಲ. ಆದರೆ 30 ಜೋಡಿಗಳು ಒಮ್ಮೆಲೇ ಮಾತನಾಡಿದರೆ ಹೊರಗೆ ಹಾದುಹೋಗುವ ಮುಖ್ಯೋಪಾಧ್ಯಾಯರಿಗೆ ಗದ್ದಲ ಕೇಳಿಸುತ್ತದೆ, ಗದ್ದಲವಿರುವಲ್ಲಿ ಪಾಠ ನಡೆಯುತ್ತಿಲ್ಲವೆಂಬುದು ಅವರ ಅಚಲ ನಂಬಿಕೆ.

1960ರ ದಶಕದಲ್ಲಿ ಕೇಲೆಬ್ ಗಟೆನ್ಯೋ ಎಂಬ ಶಿಕ್ಷಣತಜ್ಞರು ‘ಮೌನ ವಿಧಾನ’ವನ್ನು ರೂಪಿಸಿದರು. ಬಣ್ಣದ ಕಡ್ಡಿಗಳನ್ನೂ ಗೋಡೆಯ ಪಟಗಳನ್ನೂ ತೋರಿಸುತ್ತ ಶಿಕ್ಷಕರು ಆದಷ್ಟು ಸುಮ್ಮನಿರಬೇಕು, ಕಲಿಯುವವರೇ ಮಾತನಾಡಬೇಕು ಎಂಬುದು ಅದರ ತಿರುಳು. ಸಂಸ್ಥೆಗಳು ಇದನ್ನು ಒಂದೇ ಒಂದು ತಿದ್ದುಪಡಿಯೊಂದಿಗೆ ಅಂಗೀಕರಿಸಿವೆ: ಸುಮ್ಮನಿರುವ ಹೊಣೆಯನ್ನು ಮಕ್ಕಳಿಗೆ ವರ್ಗಾಯಿಸಲಾಗಿದೆ.

ಪ್ರಶ್ನೆ ಕೇಳುವ ಶಿಕ್ಷಕರೂ ಇದ್ದಾರೆ. ವಿಜ್ಞಾನದ ತರಗತಿಗಳನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆಂದೂ 1970ರ ದಶಕದಲ್ಲಿಯೇ ತೋರಿಸಿದ್ದರು. ಪರಭಾಷೆಯಲ್ಲಿ ಪದ ಹುಡುಕಿ, ಕಾಲಸೂಚಕ ಸರಿಪಡಿಸಿ, ಎದ್ದು ನಿಲ್ಲಲು ಆ ಒಂದು ಸೆಕೆಂಡು ಸಾಲದ ಮಗುವಿಗೆ ಸಂಕೋಚ ಹೆಚ್ಚೆಂದು ವರದಿ ಬರೆಯಲಾಗುತ್ತದೆ. ಸಂಕೋಚಕ್ಕೆ ಮದ್ದು, ಮಾತೃಭಾಷೆ ಆಡಿದರೆ ದಂಡ. ಮಕ್ಕಳೇನೂ ದಡ್ಡರಲ್ಲ, ಕೈಸನ್ನೆಗೆ ದಂಡವಿಲ್ಲವೆಂಬುದನ್ನು ಅವರು ಬಹುಬೇಗ ಕಂಡುಕೊಳ್ಳುತ್ತಾರೆ.

ಇನ್ನು ಪರೀಕ್ಷೆಯಾದರೋ ಲಿಖಿತ. ವೈದ್ಯ ಮತ್ತು ರೋಗಿಯ ನಡುವಿನ ಸಂಭಾಷಣೆಯಲ್ಲಿ ಇಬ್ಬರ ಮಾತನ್ನೂ ಒಬ್ಬನೇ ವಿದ್ಯಾರ್ಥಿ ಬರೆಯುತ್ತಾನೆ. ರೋಗಿ ನರಳುವಾಗ ಅಲ್ಪವಿರಾಮ ಮರೆತರೆ ಅರ್ಧ ಅಂಕ ಹೋಗುತ್ತದೆ. ಎಲ್ಲೋ ಕೆಲವೆಡೆ ಮೌಖಿಕ ಪರೀಕ್ಷೆಯೂ ಉಂಟು. ಅಲ್ಲಿ ಪ್ರತಿಯೊಬ್ಬರೂ ಒಂದೇ ಸ್ವಪರಿಚಯವನ್ನು, ಹೆಸರೊಂದನ್ನು ಮಾತ್ರ ಬದಲಿಸಿ, ಉಸಿರು ಬಿಡದೆ ಒಪ್ಪಿಸುತ್ತಾರೆ. ನಡುವೆ ತಡೆದು ‘ಹೌ ಆರ್ ಯೂ?’ ಎಂದು ಕೇಳುವ ಪರೀಕ್ಷಕರ ಮೇಲೆ, ಪಠ್ಯಕ್ರಮದ ಹೊರಗಿನ ಪ್ರಶ್ನೆ ಕೇಳಿದರೆಂದು ಪೋಷಕರು ದೂರು ಕೊಡುತ್ತಾರೆ. ಆ ದೂರನ್ನೂ ಲಿಖಿತವಾಗಿಯೇ ಸಲ್ಲಿಸಬೇಕು.